ಕೂಸಿನ ಬಳಿಗೆ ಕ್ಯಾಮರಾ

ಅಕ್ಷಿಪಟಲದಲ್ಲಿ ರಕ್ತನಾಳಗಳು ಮೂಡತೊಡಗುವುದು ಗರ್ಭದ 16ನೆಯ ವಾರದ ಸುಮಾರಿಗೆ. ಅವು ಅಂಚನ್ನು ಮುಟ್ಟುವುದು ತಿಂಗಳು ತುಂಬುವ ವೇಳೆಗೆ. ಆದುದರಿಂದ ಅವಧಿಗೆ ಮುನ್ನ ಜನಿಸಿದ ಕೂಸಿನಲ್ಲಿ ಆ ಅಂಚು ಬರಿದಾಗಿರುತ್ತದೆ. ಕೆಲವರಲ್ಲಿ ಅಲ್ಲಿ ಅಡ್ಡಾದಿಡ್ಡಿಯಾಗಿ ನಾಳಗಳೆದ್ದು ಅಕ್ಷಿಪಟಲವನ್ನೇ ಸೆಳೆದು ಕಳಚುತ್ತವೆ. ಹೊರಗಿನಿಂದ ನೋಡಿದರೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ! 34 ವಾರಗಳಿಗೆ ಮುನ್ನ ಹುಟ್ಟಿದ ಕೂಸಿಗೆ 30 ದಿನ ಮೀರದಂತೆ ಪರೀಕ್ಷೆಯಾಗಬೇಕು. ಸಕಾಲದಲ್ಲಿ ಲೇಸರ್ ಚಿಕಿತ್ಸೆಯಾದರೆ ಬಹುಪಾಲು ಕೂಸುಗಳ ದೃಷ್ಟಿ ಉಳಿಯುತ್ತದೆ.

ನಮ್ಮ ಯಲವಿಗಿಯ ಹಸಿ ಬಾಣಂತಿಯೊಬ್ಬಳು ಅಂಥ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು, ರೈಲು ಹತ್ತಿ, ಹುಬ್ಬಳ್ಳಿಗೆ ತಜ್ಞರನ್ನು ಅರಸಿ ಹೋಗಬೇಕೆ? ಕ್ಯಾಮರಾವೇ ಕೂಸಿನ ಬಳಿಗೆ ಬರತಕ್ಕದ್ದೆಂಬುದು ನಮ್ಮ ಅಭಿಪ್ರಾಯ. ಇದು ಬರಿಯ ಕನಸಲ್ಲ. ಬೆಂಗಳೂರಿನ ನಾರಾಯಣ ನೇತ್ರಾಲಯವು 2008ರಲ್ಲಿ ಆರಂಭಿಸಿದ ‘ಕಿಡ್ರಾಪ್’ ಯೋಜನೆಯಲ್ಲಿ ತರಬೇತಿ ಪಡೆದ ತಂತ್ರಜ್ಞರು ಜಿಲ್ಲೆಗಳ ಶಿಶು ವಾರ್ಡುಗಳಿಗೆ ಕ್ಯಾಮರಾ ಒಯ್ದು ಚಿತ್ರ ತೆಗೆದರು. ದೂರದ ತಜ್ಞರು ಅದನ್ನು ನೋಡಿ ರೋಗ ನಿರ್ಣಯಿಸಿದರು.

ವೈದ್ಯನಲ್ಲದವನ ಕೈಗೆ ಎಳೆಗಣ್ಣೇ ಎಂದು ಹುಬ್ಬೇರಿಸುವವರುಂಟು. ಭೌತಶಾಸ್ತ್ರ ಬೋಧಿಸುವ ನಾವು ಕೇಳುತ್ತೇವೆ: ಪಾಪೆಯೊಳಹೊಕ್ಕ ಬೆಳಕು ಮಸೂರಕ್ಕೆ ಮರಳುವ ನಿಯಮ ಬೆಂಗಳೂರಿಗೊಂದು, ಸವಣೂರಿಗೊಂದು ಉಂಟೆ? ಕೈ ಪಳಗಿರಬೇಕು, ನಿಜ, ಪಳಗಿಸಬಹುದು. ಮೇಲಾಗಿ, ವೈದ್ಯರು ಕಂಡದ್ದು ಅವರ ನೆನಪಿನಲ್ಲುಳಿದೀತು. ಚಿತ್ರವಾದರೋ ಮುಂದಿನ ವಾರದ ಚಿತ್ರದ ಪಕ್ಕದಲ್ಲಿಟ್ಟು, ನಾಳ ಎಷ್ಟು ಮುಂದೆ ಸರಿದಿದೆಯೆಂದು ಅಳೆಯಲು ಒದಗುತ್ತದೆ.