ಬೆಳಗಿನ ಜಾವದ ಕನಸು

ಬೆಳಗಿನ ಜಾವದಲ್ಲಿ ಬಿದ್ದ ಕನಸು ನಿಜವಾಗುತ್ತದೆಂಬುದು ನಮ್ಮ ಹಿರಿಯರ ನಂಬಿಕೆ. ನಿಜವಾಗುವುದೋ ಇಲ್ಲವೋ ನಾನರಿಯೆ. ಆದರೆ ಕನಸಿಗೆ ಅದಕ್ಕಿಂತ ಪ್ರಶಸ್ತವಾದ ಹೊತ್ತಿಲ್ಲವೆಂಬುದನ್ನು ವಿಜ್ಞಾನಿಗಳೂ ಒಪ್ಪುತ್ತಾರೆ. ಅದನ್ನು ಪರೀಕ್ಷಿಸುವ ಅವಕಾಶ ಕಳೆದ ಮಾಗಿಯಲ್ಲಿ ನನಗೆ ಕೆಮ್ಮಣ್ಣುಗುಂಡಿಯಲ್ಲಿ ಒದಗಿತು.

ಕೆಮ್ಮಣ್ಣುಗುಂಡಿ ನನಗೆ ಬರಿಯ ಗಿರಿಧಾಮವಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಗೆಯ ವಾಸಕ್ಕೆಂದು ಮೆಚ್ಚಿದ ಈ ಬೆಟ್ಟವೇ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರನ್ನೂ ಒದಗಿಸಿತು. ಅದಿರಿನ ತೊಟ್ಟಿಗಳು ತಂತಿಹಗ್ಗಕ್ಕೆ ಜೋತು ಕಣಿವೆಗಿಳಿಯುತ್ತಿದ್ದ ಕಾಲದಲ್ಲಿ ನನ್ನ ತಂದೆಯವರು ಅಲ್ಲಿ ಗುಮಾಸ್ತರಾಗಿದ್ದರು. ಗಣಿಯ ಕೆಲಸ ನಿಂತಿತು, ತಂದೆಯವರೂ ತೀರಿಕೊಂಡರು. ಕೊನೆಯ ದಿನ ಅವರು ನನಗೇನನ್ನೋ ಹೇಳಲು ತುಟಿಯಾಡಿಸಿದರು, ಮಾತು ಹೊರಡಲಿಲ್ಲ. ಕನಸಿನಲ್ಲಾದರೂ ಅದನ್ನು ಕೇಳಿ ತಿಳಿಯಬೇಕೆಂಬ ಹಂಬಲ ನನ್ನದು.

ಆದರೆ ಕನಸಿನಲ್ಲಿ ಕೇಳಬೇಕಾದರೆ, ಇದು ಕನಸೆಂಬ ಅರಿವು ಅಲ್ಲಿಯೇ ಮೂಡಬೇಕಷ್ಟೆ? ಅದು ಸಾಧ್ಯವೆಂದು 1975ರಲ್ಲಿ ಇಂಗ್ಲೆಂಡಿನ ಕೀತ್ ಹರ್ನ್ ಎಂಬವರೂ, ಬಳಿಕ ಅಮೆರಿಕದ ಸ್ಟೀಫನ್ ಲಬರ್ಜ್ ಎಂಬವರೂ ತೋರಿಸಿದ್ದಾರೆ. ಮಲಗಿದ್ದವರು ಮೊದಲೇ ಗೊತ್ತುಮಾಡಿದ್ದಂತೆ ಕಣ್ಣುಗಳನ್ನು ಎಡಬಲಕ್ಕೆ ಹೊರಳಿಸಿ, ಕನಸಿನೊಳಗಿನಿಂದಲೇ ಹೊರಗಿನವರಿಗೆ ಸನ್ನೆ ಮಾಡಿದರು!

ನಿದ್ರೆ ಸುಮಾರು 90 ನಿಮಿಷಗಳ ಸುತ್ತುಗಳಲ್ಲಿ ಸಾಗುತ್ತದೆ. ಮುಚ್ಚಿದ ರೆಪ್ಪೆಯ ಹಿಂದೆ ಕಣ್ಣುಗಳು ಚುರುಕಾಗಿ ಚಲಿಸುವ ಘಟ್ಟವೊಂದನ್ನು 1953ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದ ಅಸೆರಿನ್ಸ್ಕಿ ಮತ್ತು ಕ್ಲೈಟ್‌ಮನ್ ಪ್ರಕಟಪಡಿಸಿದರು. ಕಣ್ಣಿಗೆ ಕಟ್ಟುವಂಥ ಕನಸುಗಳು ಹೆಚ್ಚಾಗಿ ಬೀಳುವುದು ಆಗಲೇ. ಮೊದಲ ಸುತ್ತಿನಲ್ಲಿ ಈ ಘಟ್ಟ ಕೆಲವೇ ನಿಮಿಷಗಳದು. ಬೆಳಗಾಗುತ್ತ ಬಂದಂತೆ ಅದು ನೀಳವಾಗುತ್ತದೆ. ಆದುದರಿಂದ ಮಧ್ಯಾಹ್ನದ ಊಟದ ಮೇಲಿನ ಕಿರುನಿದ್ದೆ ಈ ಕೆಲಸಕ್ಕೆ ಅಷ್ಟಾಗಿ ಒದಗದು. ಐದಾರು ಗಂಟೆ ಚೆನ್ನಾಗಿ ನಿದ್ರಿಸಿ, ಎದ್ದು, ಅರ್ಧದಿಂದ ಒಂದು ಗಂಟೆ ಎಚ್ಚರವಾಗಿದ್ದು, “ಕನಸು ಬಿದ್ದರೆ ಅದು ಕನಸೆಂದು ನೆನೆಯುವೆನು” ಎಂದು ಸಂಕಲ್ಪಿಸಿ ಮತ್ತೆ ಮಲಗುವುದೇ ಬಲ್ಲವರು ಹೇಳುವ ಕ್ರಮ.

ನಾನು ರಾತ್ರಿ 10ಕ್ಕೆ ಮಲಗಿ 4ಕ್ಕೆ ಎದ್ದೆ. ಕಂಬಳಿ ಹೊದ್ದು ಜಗಲಿಯಲ್ಲಿ ಕುಳಿತು ಮಂಜನ್ನು ನೋಡಿದೆ. ಮತ್ತೆ ಮಲಗಿದರೆ, ಮೊದಲ ದಿನ ಸಂಕಲ್ಪದ ಭಾರಕ್ಕೆ ನಿದ್ದೆಯೇ ಹತ್ತಲಿಲ್ಲ. ಎರಡನೆಯ ದಿನ ಎಂಟರವರೆಗೆ ಗೊರಕೆ ಹೊಡೆದೆನಲ್ಲದೆ ಬೇರೇನೂ ನೆನಪಿಲ್ಲ. ಮೂರನೆಯ ಮುಂಜಾವಿನಲ್ಲಿ ಅದಿರಿನ ತೊಟ್ಟಿಗಳು ಕಿರುಗುಟ್ಟುತ್ತ ಕಣಿವೆಗಿಳಿಯುತ್ತಿದ್ದುವು. “ಅವು ನಿಂತು ಎಷ್ಟೋ ಕಾಲವಾಯಿತಲ್ಲ! ಹಾಗಾದರೆ ಇದು ಕನಸು” ಎಂದುಕೊಂಡೆ. ತಿರುಗಿದರೆ, ಲೆಕ್ಕದ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ತಂದೆಯವರು ಕುಳಿತಿದ್ದಾರೆ.

“ಅಪ್ಪಾ, ಅಂದು ಏನು ಹೇಳಬೇಕೆಂದಿದ್ದಿರಿ?”

ಅವರು ನನ್ನನ್ನು ನೋಡಿ, “ಚಳಿಯಲ್ಲಿ ಹೀಗೆ ಬಂದೆಯಾ ಮಗೂ? ಸ್ವೆಟರು ಎಲ್ಲಿ?” ಎಂದರು. ಎಚ್ಚರವಾಯಿತು.

ಅದು ಅವರು ನನ್ನ ಬಾಲ್ಯದಲ್ಲಿ ದಿನವೂ ಆಡುತ್ತಿದ್ದ ಮಾತು. ಕನಸಿನ ತಂದೆ ನನ್ನ ನೆನಪಿನ ಉಗ್ರಾಣದಿಂದಲ್ಲದೆ ಬೇರೆಲ್ಲಿಂದ ಮಾತು ತಂದಾರು? ನಾನರಿಯದುದನ್ನು ಅವರೂ ಅರಿಯರು. ಆ ಪ್ರಶ್ನೆ ಹಾಗೆಯೇ ಉಳಿಯಿತು. ಆದರೂ, ಇವರು ಮತ್ತೆ ಸಿಗರೆಂದು ಬಲ್ಲವನಾಗಿಯೇ ಒಂದು ಗಳಿಗೆ ಅವರ ಮುಂದೆ ನಿಂತಿದ್ದೆನಲ್ಲ; ಅದು ಸಾಮಾನ್ಯ ಕನಸು ಕೊಡಲಾರದ ಭಾಗ್ಯ.

ಪ್ರಯತ್ನಿಸಬೇಕೆನ್ನುವವರಿಗೆ ಒಂದು ಮಾತು. ರಜೆಯ ದಿನಗಳಿಗಷ್ಟೇ ಇದನ್ನು ಮೀಸಲಿಡಿ. ನಿದ್ದೆಯನ್ನು ಮಾರಿ ಕನಸನ್ನು ಕೊಳ್ಳಬೇಡಿ. ನಿಜ ಯಾವುದು, ಭ್ರಮೆ ಯಾವುದು ಎಂಬ ಗೊಂದಲದ ವ್ಯಾಧಿಯುಳ್ಳವರು ಇದರ ಗೊಡವೆಗೆ ಹೋಗದಿರುವುದು ಲೇಸು. ಇನ್ನು ಕೇಳಬೇಕಾದುದನ್ನು ಹಿರಿಯರು ಎದುರಿಗಿರುವಾಗಲೇ ಕೇಳಿಬಿಡಿ. ಅದಕ್ಕೆ ಬೆಳಗಿನ ಜಾವದವರೆಗೆ ಕಾಯಬೇಕಾಗಿಲ್ಲ.