ಅಜ್ಜನ ಫೋನೂ ಒಂದು ಹಳೆಯ ಮೆಟಲ್ ಆಲ್ಬಮ್ಮೂ

ಹದಿನೈದು ವರ್ಷದ ಮಕ್ಕಳಿರುವ ಮನೆಯಲ್ಲಿ ಮುಚ್ಚಿದ ಬಾಗಿಲಿನ ಹಿಂದಿನಿಂದ ಎಂಥ ಸದ್ದು ಬರುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ನಮ್ಮ ಮನೆಯಲ್ಲಿ ಎರಡು ತಿಂಗಳಿಂದ ಆ ಸದ್ದು ಸ್ಪ್ಯಾನಿಷ್‌ನಲ್ಲಿದೆ. ಮಗ ಶಾಲೆಯಲ್ಲಿ ಸ್ಪ್ಯಾನಿಷ್ ತೆಗೆದುಕೊಂಡಿದ್ದಾನೆ. ಮನೆಯಲ್ಲಿ ಹಾಡು ಕೇಳಿ, ಕಿವಿ ಪಳಗುತ್ತದೆ ಎಂದು ಟೀಚರ್ ಹೇಳಿದ್ದಾರಂತೆ. ಅವರ ಮನಸ್ಸಿನಲ್ಲಿದ್ದದ್ದು ಇಂಥ ಹಾಡಲ್ಲ ಅನ್ನುವುದು ಖಂಡಿತ.

ಅವನು ಹುಡುಕಿಕೊಂಡದ್ದು ಅರ್ಜೆಂಟೀನಾದ ವಿ8 ಎಂಬ ಬ್ಯಾಂಡನ್ನು. ಅಲ್ಲಿಯವರು ವೆ ಓಚೋ ಅನ್ನುತ್ತಾರೆ. 1983ರಲ್ಲಿ ಬಂದ ಅವರ ಮೊದಲ ಆಲ್ಬಮ್ಮಿನ ಹೆಸರು ‘ಲುಚಾಂದೋ ಪೋರ್ ಎಲ್ ಮೆತಾಲ್’, ಅಂದರೆ ‘ಮೆಟಲ್‌ಗಾಗಿ ಹೋರಾಡುತ್ತಾ’. ಪಂಕ್‌ನ ಅವಸರ, ಮೆಟಲ್‌ನ ಭಾರ ಎರಡನ್ನೂ ಬೆರೆಸುವುದಕ್ಕೆ ಕ್ರಾಸ್‌ಓವರ್ ಥ್ರ್ಯಾಶ್ ಎಂಬ ಹೆಸರು ಇನ್ನೂ ಗಟ್ಟಿಯಾಗಿರಲಿಲ್ಲ. ಇವರು ಆ ದಾರಿಯ ಕಡೆ ಮುಖ ಮಾಡಿದ್ದ ಹುಡುಗರು. ಬೇಸ್ ನುಡಿಸುತ್ತಿದ್ದ ರಿಕಾರ್ದೋ ಇಯೋರಿಯೋ ಮುಂದೆ ಎರ್ಮೆತಿಕಾ ಎಂಬ ಥ್ರ್ಯಾಶ್ ಬ್ಯಾಂಡ್ ಕಟ್ಟಿ ಆ ದೇಶದಲ್ಲಿ ದೊಡ್ಡ ಹೆಸರಾದರು. ಅರ್ಜೆಂಟೀನಾದಾಚೆ ಮಾತ್ರ ಈ ಆಲ್ಬಮ್ ಗೊತ್ತಿರುವವರು ಕಡಿಮೆ.

ಇದು ಹುಟ್ಟಿದ ಕಾಲವನ್ನು ಸ್ವಲ್ಪ ಹೇಳಬೇಕು. 1982ರ ಏಪ್ರಿಲ್‌ನಿಂದ ಜೂನ್‌ವರೆಗೆ ಅರ್ಜೆಂಟೀನಾಕ್ಕೂ ಬ್ರಿಟನ್ನಿಗೂ ಫಾಕ್‌ಲ್ಯಾಂಡ್ ದ್ವೀಪಗಳಿಗಾಗಿ ಯುದ್ಧ ನಡೆಯಿತು. ಆಗ ಅಲ್ಲಿ ಮಿಲಿಟರಿ ಸರ್ಕಾರ. ಶತ್ರುವಿನ ಭಾಷೆ ಎಂದು ಇಂಗ್ಲಿಷ್ ಹಾಡುಗಳನ್ನು ರೇಡಿಯೊದಿಂದ ದೂರವಿಟ್ಟರು. ಖಾಲಿಯಾದ ಹೊತ್ತನ್ನು ತುಂಬಿದ್ದು ಅಲ್ಲಿಯವರದೇ ಸ್ಪ್ಯಾನಿಷ್ ರಾಕ್. ಭಾಷೆಯ ಮೇಲಿನ ಪ್ರೀತಿಯಿಂದ ಆದದ್ದಲ್ಲ ಅದು, ಆದರೂ ಒಂದು ತಲೆಮಾರಿನ ಹುಡುಗರಿಗೆ ರಾಕ್ ತಮ್ಮ ಮಾತಿನಲ್ಲೂ ಗಟ್ಟಿಯಾಗಿ ನಿಲ್ಲುತ್ತದೆ ಎಂದು ಗೊತ್ತಾಯಿತು. ಇನ್ನೊಂದು ಕಡೆ ನೋಡಿ: ಅಮೆರಿಕದಲ್ಲಿ ಕ್ರಾಸ್‌ಓವರ್ ಶೈಲಿಯ ಬಲು ಪ್ರಸಿದ್ಧ ಆಲ್ಬಮ್ 1985ರಲ್ಲಿ ಬಂತು, ಎಸ್‌.ಒ.ಡಿ. ಬ್ಯಾಂಡಿನದು. ಅದರ ಹೆಸರೇ ‘ಇಂಗ್ಲಿಷ್ ಮಾತಾಡು, ಇಲ್ಲವೇ ಸಾಯಿ’! ತಮಾಷೆಗೆ ಇಟ್ಟದ್ದು ಎಂದು ಬ್ಯಾಂಡಿನವರು ಹೇಳಿಕೊಂಡಿದ್ದಾರೆ. ಬಸ್ಸಿನಲ್ಲಿ ಊರಿಗೆ ಫೋನ್ ಮಾಡಿ ಕನ್ನಡದಲ್ಲಿ ಮಾತಾಡುವಾಗ ಯಾರಾದರೂ ತಿರುಗಿ ದುರುಗುಟ್ಟಿ ನೋಡಿದ ಅನುಭವ ನಿಮಗಿದ್ದರೆ, ಆ ತಮಾಷೆಗೆ ಅಷ್ಟೇನೂ ನಗು ಬರುವುದಿಲ್ಲ.

ಸರಿ, ಆಲ್ಬಮ್ಮಿಗೆ ಬರೋಣ. ಹಾಡುಗಳು ಚೆನ್ನಾಗಿವೆ, ರೆಕಾರ್ಡಿಂಗ್ ಚೆನ್ನಾಗಿಲ್ಲ. ಗಿಟಾರ್ ತೆಳ್ಳಗೆ, ಡ್ರಮ್ಸ್ ಪಕ್ಕದ ಮನೆಯಲ್ಲಿ ಬಾರಿಸಿದ ಹಾಗೆ. ಇಂಥ ಒರಟುತನದಲ್ಲೇ ಸೊಗಸಿದೆ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಒಳ್ಳೆಯ ಸ್ಟುಡಿಯೊ ಸಿಕ್ಕಿದ್ದರೆ ಈ ಹುಡುಗರು ಎಷ್ಟು ಚೆನ್ನಾಗಿ ಕೇಳಿಸುತ್ತಿದ್ದರೋ ಅನ್ನಿಸಿ ಹೊಟ್ಟೆ ಉರಿಯುತ್ತದೆ. (ಹಣವಿದ್ದರೂ ಎಲ್ಲ ಸರಿಯಾಗುತ್ತದೆ ಎಂದಲ್ಲ. 2011ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ಕೇಳಿದ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು, ಅವರದೇ 1988ರ ಆಲ್ಬಮ್ಮಿನಲ್ಲಿ ಬೇಸ್ ಗಿಟಾರ್ ಕೇಳಿಸುವುದೇ ಇಲ್ಲ.)

ಒಂದು ದಿನ ಮಗನನ್ನು ಕೇಳಿದೆ, “ಇಲ್ಲಿ ಏನು ಹಾಡ್ತಿದಾನೋ?” “ಗೊತ್ತಿಲ್ಲ ಅಮ್ಮ, ಎಲ್ಲ ಕಲಸಿಹೋಗಿದೆ” ಅಂದ, ಇಂಗ್ಲಿಷಿನಲ್ಲೇ. ಅದೇ ಹಾಡನ್ನು ಆಫೀಸಿನಲ್ಲಿ ಬ್ಯೂನಸ್ ಐರಿಸ್ ಕಡೆಯ ನನ್ನ ಸಹೋದ್ಯೋಗಿಗೆ ಕೇಳಿಸಿದೆ. ಆಕೆಗೆ ಮೆಟಲ್ ಅಂದರೆ ಆಗದು, ಆ ಹಾಡನ್ನು ಅದುವರೆಗೆ ಕೇಳಿಯೂ ಇರಲಿಲ್ಲ. ಆದರೂ ಸಾಲು ಸಾಲಾಗಿ ಅರ್ಥ ಹೇಳಿದರು. ಮಾತು ಸ್ಪಷ್ಟವಾಗಿದೆಯಲ್ಲ, ಏನು ತೊಂದರೆ ಎಂದು ನನ್ನನ್ನೇ ಕೇಳಿದರು!

ಅವತ್ತು ರಾತ್ರಿ ನನಗೆ ನೆನಪಾದದ್ದು ನಮ್ಮಪ್ಪನ ಫೋನ್. ಭಾನುವಾರ ಬೆಳಿಗ್ಗೆ ತೀರ್ಥಹಳ್ಳಿಯಿಂದ ವಿಡಿಯೊ ಕಾಲ್. ಅಲ್ಲಿ ಫ್ಯಾನ್, ಟಿವಿ, ಹಿಂದೆ ಕುಕ್ಕರ್ ಸೀಟಿ; ಇಲ್ಲಿ ಅಡುಗೆಮನೆಯ ಕಟ್ಟೆಯ ಮೇಲೆ ಸ್ಪೀಕರ್ ಹಾಕಿದ ಫೋನ್. ಮಗ “ಹೂಂ ಅಜ್ಜ, ಚೆನ್ನಾಗಿದೀನಿ ಅಜ್ಜ” ಎಂದು ಒಂದು ನಿಮಿಷದಲ್ಲಿ ನನ್ನ ಕೈಗೆ ಕೊಟ್ಟು ಮಾಯ. ಕನ್ನಡದಲ್ಲಿ ಆಸಕ್ತಿಯಿಲ್ಲ, ಅಜ್ಜನ ಮೇಲೆ ಪ್ರೀತಿಯಿಲ್ಲ ಎಂದು ಎಷ್ಟು ಸಲ ಬೈದಿದ್ದೇನೆ! ಅಪ್ಪನೂ ಹಾಗೇ ಅಂದುಕೊಂಡಿದ್ದರು. ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ.

ನಮಗೆ ಅಪ್ಪನ ಮಾತು ಪೂರ್ತಿ ಕೇಳಿಸುತ್ತದೆ ಅಂದುಕೊಂಡಿದ್ದೇವೆ. ನಿಜವಾಗಿ ಅರ್ಧ ಕೇಳಿಸುತ್ತದೆ, ಉಳಿದರ್ಧವನ್ನು ಹುಟ್ಟಿನಿಂದ ಬಂದ ಭಾಷೆ ತುಂಬಿಕೊಡುತ್ತದೆ. ಗದ್ದಲದಲ್ಲಿ ಮಾತು ಹಿಡಿಯುವುದು ಗಟ್ಟಿಯಾಗಿ ಬರುವ ಭಾಷೆಗಿಂತ ಅರೆಬರೆ ಬರುವ ಭಾಷೆಯಲ್ಲಿ ಹೆಚ್ಚು ಕಷ್ಟ ಎಂಬುದು ಸಂಶೋಧಕರು ಮತ್ತೆ ಮತ್ತೆ ಕಂಡಿರುವ ಸಂಗತಿ. ಸ್ವರಗಳ ಬಲವೆಲ್ಲ ಕೆಳಗಿನ ಕಂಪನಗಳಲ್ಲಿ, ಸ, ಶ, ಫದಂಥ ವ್ಯಂಜನಗಳ ಗುರುತು ಮೇಲಿನ ಕಂಪನಗಳಲ್ಲಿ. ಹಳೆಯ ಟೆಲಿಫೋನು ಸಾಗಿಸುತ್ತಿದ್ದದ್ದೇ ಸುಮಾರು 300ರಿಂದ 3,400 ಹರ್ಟ್ಜ್. ಈಗಿನ ಇಂಟರ್ನೆಟ್ ಕರೆಗಳು ಅದಕ್ಕಿಂತ ಮೇಲು, ಆದರೆ ಸಿಗ್ನಲ್ ಕುಂಟಿದಾಗ ಅಕ್ಷರಗಳೇ ನಡುವೆ ಬಿದ್ದುಹೋಗುತ್ತವೆ. ಬಿದ್ದ ಅಕ್ಷರವನ್ನು ನಾವು ಹೆಕ್ಕಿಕೊಳ್ಳುತ್ತೇವೆ, ಮಕ್ಕಳು ಎಲ್ಲಿಂದ ಹೆಕ್ಕಬೇಕು?

ಹಾಗಾಗಿ ಈ ಸಲ ಸ್ವಲ್ಪ ರೆಕಾರ್ಡಿಂಗ್ ಎಂಜಿನಿಯರ್ ಕೆಲಸ ಮಾಡಿದೆವು. ತಂಗಿಗೆ ಹೇಳಿ ಅಪ್ಪನಿಗೆ ಮೈಕ್ ಇರುವ ವೈರಿನ ಇಯರ್‌ಫೋನ್ ಕೊಡಿಸಿದೆ. ಅವರು ಮಾತಾಡುವಾಗ ಟಿವಿ ಆಫ್. ಇಲ್ಲಿ ಮಗ ತನ್ನ ದೊಡ್ಡ ಹೆಡ್‌ಫೋನ್ ಹಾಕಿಕೊಂಡು ಕೋಣೆಯಲ್ಲಿ ಒಬ್ಬನೇ ಕೂರುತ್ತಾನೆ. ನಾವು ನಡುವೆ ಬಾಯಿ ಹಾಕುವುದಿಲ್ಲ. (ಇದು ಎಲ್ಲಕ್ಕಿಂತ ಕಷ್ಟದ್ದು, ನೀವೂ ಮಾಡಿ ನೋಡಿ.) ಸಿಗ್ನಲ್ ಸರಿಯಿಲ್ಲದ ದಿನ ಅಪ್ಪ ವಾಯ್ಸ್ ಮೆಸೇಜ್ ಕಳಿಸುತ್ತಾರೆ. ಹಾಡಿನ ಹಾಗೆ ಅದನ್ನೂ ಹಿಂದಕ್ಕೆಳೆದು ಮತ್ತೆ ಕೇಳಬಹುದು.

ಮೊದಲೆರಡು ವಾರ ಏನೂ ಬದಲಾಗಲಿಲ್ಲ. ಮೂರನೆಯ ಭಾನುವಾರ ಅಪ್ಪ ಹಳೆಯ ಮನೆಯ ಬಾವಿಯ ಕತೆ ತೆಗೆದಿದ್ದರು. ಬಾಗಿಲ ಸಂದಿಯಿಂದ ಮಗನ ದನಿ ಕೇಳಿಸಿತು: “ಅಜ್ಜ, ಅಜ್ಜ, ಒಂದ್ನಿಮಿಷ. ರಾಟೆ ಅಂದ್ರೆ ಏನು?”

ಅವನು ಕನ್ನಡದ ಪದವೊಂದರ ಅರ್ಥ ಕೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಪ್ಪ “ಅಯ್ಯೋ ಮಾರಾಯ, ರಾಟೆ ಗೊತ್ತಿಲ್ವನಾ!” ಎಂದು ಶುರುಮಾಡಿದವರು ಮುಗಿಸುವಷ್ಟರಲ್ಲಿ ಇಪ್ಪತ್ತು ನಿಮಿಷವಾಗಿತ್ತು.