ಅಣಬೆ ಮನೆಯ ಗಾಳಿ, ನೆರೆಮನೆಯ ದೂರು



ಕಳೆದ ಕೆಲವು ವರ್ಷಗಳಲ್ಲಿ ಅಣಬೆ ಬೇಸಾಯವು ತೋಟದ ಮೂಲೆಯ ಗರಿ ಗುಡಿಸಲನ್ನು ಬಿಟ್ಟು ಊರೊಳಕ್ಕೆ ಬಂದಿದೆ. ತಾಲ್ಲೂಕು ಕೇಂದ್ರಗಳ ಹೊಸ ಬಡಾವಣೆಗಳಲ್ಲಿ, ಮಹಡಿಯ ಖಾಲಿ ಕೊಠಡಿಗಳಲ್ಲಿ, ಕೆಲಸ ನಿಂತ ರೇಷ್ಮೆ ಹುಳು ಸಾಕಣೆ ಮನೆಗಳಲ್ಲಿ ಚಿಪ್ಪಣಬೆಯ ಚೀಲಗಳು ತೂಗುತ್ತಿವೆ. ಕೋವಿಡ್ ಕಾಲದಲ್ಲಿ ಊರಿಗೆ ಮರಳಿದ ಯುವಕರು ಮತ್ತು ಸ್ವಸಹಾಯ ಸಂಘಗಳ ಮಹಿಳೆಯರು ಈ ಕಸುಬನ್ನು ಕೈಗೆತ್ತಿಕೊಂಡಿದ್ದಾರೆ. ಒಣಗಿಸಿದ ಅಣಬೆ, ಅಣಬೆ ಪುಡಿಯಂತಹ ಸಂಸ್ಕರಣೆಗೆ 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿಗಳವರೆಗೆ ಸಾಲಸಂಪರ್ಕಿತ ಸಹಾಯಧನವೂ ದೊರೆತಿದೆ. ಇವೆಲ್ಲವೂ ಒಳ್ಳೆಯ ಬೆಳವಣಿಗೆಗಳೇ. ಆದರೆ ಬೇಸಾಯವು ಜನವಸತಿಯ ನಡುವೆ ಬಂದಾಗ ಅದರೊಡನೆ ಹೊಸ ತೊಡಕೊಂದೂ ಬಂದಿದೆ. ಅದು ವಾಸನೆ.

ಯುಗಾದಿ ಕಳೆದ ಬಿಸಿಲಿನಲ್ಲಿ ನಾನು ಹಳೆಯ ಮೈಸೂರು ಭಾಗದ ಒಂದು ತಾಲ್ಲೂಕು ಕೇಂದ್ರದ ಅಣಬೆ ಘಟಕಕ್ಕೆ ಹೋಗಿದ್ದೆ. ನಡೆಸುತ್ತಿದ್ದವರು ಒಂದು ಮಹಿಳಾ ಸಂಘದವರು. ಪಕ್ಕದ ಮನೆಯವರು ದುರ್ವಾಸನೆಯೆಂದು ಎರಡು ಸಲ ಜಗಳವಾಡಿ, ಮೂರನೆಯ ಸಲ ಪುರಸಭೆಗೆ ಅರ್ಜಿ ಕೊಟ್ಟಿದ್ದರು. ಹೆದರಿದ ಹೆಣ್ಣುಮಕ್ಕಳು ಕಿಟಕಿಗಳಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹೊಡೆದು, ಹೊರಗಾಳಿಯ ಫ್ಯಾನನ್ನು ನಿಲ್ಲಿಸಿಬಿಟ್ಟಿದ್ದರು. ಹತ್ತು ದಿನಗಳಲ್ಲಿ ಅಣಬೆಗಳು ಕಾಲು ಉದ್ದವಾಗಿ, ತಲೆ ಗುಂಡಿಯಷ್ಟೇ ಉಳಿದು, ಮಾರುಕಟ್ಟೆಯಲ್ಲಿ ಯಾರೂ ಮುಟ್ಟದಂತಾದವು. ವಾಸನೆಯಾದರೂ ಹೋಯಿತೇ ಎಂದರೆ ಅದೂ ಇಲ್ಲ. ಅದು ಹಿತ್ತಲಿನ ತೊಟ್ಟಿಯಿಂದ ಬರುತ್ತಿತ್ತು, ಕೊಠಡಿಯಿಂದಲ್ಲ. ಬ್ಯಾಂಕಿನ ಕಂತು ಮಾತ್ರ ತಪ್ಪದೆ ಬರುತ್ತಿತ್ತು.

ಇಂತಹ ದೂರುಗಳನ್ನು ಹಗುರವಾಗಿ ಕಾಣಬಾರದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮು ಸಮುದಾಯದ ಆರೋಗ್ಯಕ್ಕೆ ಅಥವಾ ದೈಹಿಕ ನೆಮ್ಮದಿಗೆ ಹಾನಿ ತರುವ ಉದ್ಯೋಗವನ್ನು ನಿಲ್ಲಿಸುವಂತೆ, ನಿಯಂತ್ರಿಸುವಂತೆ ಅಥವಾ ಬೇರೆಡೆಗೆ ಒಯ್ಯುವಂತೆ ಷರತ್ತುಬದ್ಧ ಆದೇಶ ನೀಡಲು ಕಾರ್ಯನಿರ್ವಾಹಕ ದಂಡಾಧಿಕಾರಿಗಳಿಗೆ ಅಧಿಕಾರ ಕೊಡುತ್ತದೆ. ಹಿಂದೆ ಇದು ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮಾಗಿತ್ತು. ಆದೇಶಕ್ಕೆ ಉತ್ತರ ಹೇಳಲು ಘಟಕದವರಿಗೂ ಅವಕಾಶವಿರುತ್ತದೆ. ಆದರೆ ಉತ್ತರ ಹೇಳಬೇಕಾದರೆ ವಾಸನೆ ಎಲ್ಲಿಂದ ಬರುತ್ತಿದೆ ಎಂಬುದು ನಮಗೇ ತಿಳಿದಿರಬೇಕು.

ಗಾಳಿಯ ಸಮಸ್ಯೆ ಮತ್ತು ವಾಸನೆಯ ಸಮಸ್ಯೆ ಎರಡೂ ಬೇರೆ ಬೇರೆ. ಆರೋಗ್ಯವಾಗಿರುವ ಚಿಪ್ಪಣಬೆಯ ಕೊಠಡಿಯಲ್ಲಿ ಮಳೆ ಬಿದ್ದ ಕಾಡಿನ ನೆಲದಂತಹ ಮಂದ ಪರಿಮಳವಿರುತ್ತದೆಯೇ ಹೊರತು ನೆರೆಮನೆಯವರು ಮೂಗು ಮುಚ್ಚುವ ವಾಸನೆ ಇರುವುದಿಲ್ಲ. ಕೊಠಡಿ ನಾರುತ್ತಿದ್ದರೆ ಒಳಗೆ ಏನೋ ಕೊಳೆಯುತ್ತಿದೆ ಎಂದೇ ಅರ್ಥ. ಫ್ಯಾನು ಆ ಕೊಳೆತವನ್ನು ಹೊರಗೆ ಹಂಚಬಲ್ಲದು, ಗುಣಪಡಿಸಲಾರದು. ಕಿಟಕಿ ಮುಚ್ಚಿದರೆ ಅದು ಒಳಗೇ ಬೆಳೆಯುತ್ತದೆ.

ಮೊದಲು ಗಾಳಿಯನ್ನು ನೋಡೋಣ. ಅಣಬೆಯೂ ನಮ್ಮಂತೆ ಆಮ್ಲಜನಕವನ್ನು ಎಳೆದುಕೊಂಡು ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತದೆ. ಹೊರಗಿನ ಗಾಳಿಯಲ್ಲಿ ಈ ಅನಿಲ ಸುಮಾರು 420 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 420 ಪಾಲು ಇರುತ್ತದೆ. ಬೀಜ ಹರಡುವ ಹಂತದಲ್ಲಿ ಚಿಪ್ಪಣಬೆಯ ಶಿಲೀಂಧ್ರಜಾಲವು ಬಹಳ ಹೆಚ್ಚಿನ ಪ್ರಮಾಣವನ್ನೂ ಸಹಿಸುತ್ತದೆ. ಆಗ ಹೆಚ್ಚು ಗಾಳಿಯ ಅಗತ್ಯವಿಲ್ಲ. ಮೊಗ್ಗು ಒಡೆಯುವ ಹೊತ್ತಿಗೆ ಲೆಕ್ಕ ಬದಲಾಗುತ್ತದೆ. 1000 ಪಿಪಿಎಂ ಮೀರದಂತೆ ನೋಡಿಕೊಳ್ಳದಿದ್ದರೆ ಕಾಲು ನೀಳವಾಗಿ ತಲೆ ಕಿರಿದಾಗುತ್ತದೆ. ಮಾಪಕ ಕೊಳ್ಳುವುದಾದರೆ ಎನ್‌ಡಿಐಆರ್ ಸಂವೇದಕವಿರುವುದನ್ನೇ ಕೇಳಿ ಕೊಳ್ಳಿರಿ. ಅಗ್ಗದ ಕೆಲವು ಉಪಕರಣಗಳು ಈ ಅನಿಲವನ್ನು ಅಳೆಯದೆ ಅಂದಾಜಿನ ಅಂಕಿ ತೋರಿಸುತ್ತವೆ. ಮಾಪಕವಿಲ್ಲದವರಿಗೆ ಅಣಬೆಯ ಆಕಾರವೇ ಮಾಪಕ.

ತೆನೆ ಬರುವ ಕೊಠಡಿಗೆ ಗಂಟೆಗೆ ಸುಮಾರು 6 ಸಲ ಒಳಗಾಳಿ ಬದಲಾಗಬೇಕು ಎಂದು ಇಟ್ಟುಕೊಳ್ಳಿರಿ. 6 ಮೀಟರ್ ಉದ್ದ, 3 ಮೀಟರ್ ಅಗಲ, 3 ಮೀಟರ್ ಎತ್ತರದ ಕೊಠಡಿಯ ಗಾತ್ರ 54 ಘನ ಮೀಟರ್. ಆರರಿಂದ ಗುಣಿಸಿದರೆ ಗಂಟೆಗೆ 324 ಘನ ಮೀಟರ್ ಗಾಳಿ ಬೇಕು. ಫ್ಯಾನಿನ ಪೆಟ್ಟಿಗೆಯ ಮೇಲೆ ಬರೆದಿರುವ ಅಂಕಿ ಎದುರಿಗೆ ಯಾವ ಅಡ್ಡಿಯೂ ಇಲ್ಲದಾಗಿನದು. ನೊಣ ತಡೆಯುವ ಬಲೆ, ಒದ್ದೆ ಗೋಣಿ ಇವುಗಳನ್ನು ದಾಟಿ ಎಳೆಯುವಾಗ ಅದು ಬಹಳ ಕುಗ್ಗುತ್ತದೆ. ಆದ್ದರಿಂದ ಎರಡು ಪಟ್ಟು ಶಕ್ತಿಯ ಫ್ಯಾನು ಹಾಕಿ, ಟೈಮರ್ ಮೂಲಕ ಬಿಟ್ಟು ಬಿಟ್ಟು ಓಡಿಸುವುದು ಲೇಸು. ಹದಿನೈದು ನಿಮಿಷ ಓಟ, ಹದಿನೈದು ನಿಮಿಷ ವಿರಾಮದಿಂದ ಆರಂಭಿಸಿ, ಅಣಬೆಯನ್ನು ನೋಡಿ ಹೆಚ್ಚು ಕಡಿಮೆ ಮಾಡಿರಿ. ಒಮ್ಮೆಗೇ ದೀರ್ಘಕಾಲ ಓಡಿಸಿದರೆ ಶೇ. 85ರಿಂದ 90ರಷ್ಟು ಇರಬೇಕಾದ ಆರ್ದ್ರತೆ ಬರಿದಾಗುತ್ತದೆ.

ಇಲ್ಲಿ ಪದೇ ಪದೇ ಕಾಣುವ ತಪ್ಪೊಂದನ್ನು ಹೇಳಲೇಬೇಕು. ಗೋಡೆಗೆ ಹಾಕುವ ಸಾಮಾನ್ಯ ಎಸಿ ಯಂತ್ರವು ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ. ಒಳಗಿನ ಗಾಳಿಯನ್ನೇ ತಂಪು ಮಾಡಿ ಸುತ್ತಿಸುತ್ತದೆ. ಅದೇ ಹೊತ್ತಿಗೆ ತೇವವನ್ನೂ ಹಿಂಡಿ ಹೊರಹಾಕುತ್ತದೆ. ಲಕ್ಷಗಟ್ಟಲೆ ಖರ್ಚು ಮಾಡಿ ಎಸಿ ಹಾಕಿಸಿ, ಗಾಳಿಕಿಂಡಿಗಳಿಗೆ ಸಿಮೆಂಟು ಮೆತ್ತಿಸಿ, ಅಣಬೆ ಏಕೆ ಬರುತ್ತಿಲ್ಲ ಎಂದು ದೂರವಾಣಿ ಮಾಡುವವರು ಇಂದಿಗೂ ಇದ್ದಾರೆ. ನನ್ನ ಕೈಗೆ ಬರುವ ಯೋಜನಾ ವರದಿಗಳಲ್ಲಿ ಚೀಲಗಳ ಸಂಖ್ಯೆ, ಬೀಜದ ಬೆಲೆ, ಮಾರಾಟದ ಲಾಭಕ್ಕೆ ಪುಟಗಟ್ಟಲೆ ಜಾಗವಿರುತ್ತದೆ. ಗಾಳಿಗೆ ಇರುವುದು ‘ಫ್ಯಾನು: 2’ ಎಂಬ ಒಂದು ಸಾಲು.

ಗಾಳಿ ಒಳಬರುವ ದಾರಿ ಮತ್ತು ಹೊರಹೋಗುವ ದಾರಿ ಎದುರು ಬದುರು ಗೋಡೆಗಳಲ್ಲಿರಲಿ. ಒಳಬರುವ ಕಿಂಡಿಗೆ ಕೀಟನಿರೋಧಕ ಬಲೆ ಕಟ್ಟಿ, ಕಿಂಡಿಯನ್ನು ಫ್ಯಾನಿನ ಬಾಯಿಯ ಎರಡು ಮೂರು ಪಟ್ಟು ದೊಡ್ಡದಾಗಿ ಮಾಡಿರಿ. ಅದರ ಬಳಿ ಜನರೇಟರ್ ಇರಬಾರದು. ಡೀಸೆಲ್ ಹೊಗೆ ತಗಲಿದ ಚಿಪ್ಪಣಬೆ ವಿಕಾರವಾಗಿ ಬೆಳೆಯುತ್ತದೆ. ನೆರೆಮನೆಗಳು ಹತ್ತಿರವಿದ್ದಲ್ಲಿ ಫ್ಯಾನು ಗಾಳಿಯನ್ನು ಒಳಗೆ ತಳ್ಳುವುದಕ್ಕಿಂತ ಹೊರಗೆ ಎಳೆಯುವುದು ಉತ್ತಮ. ಆಗ ಕೊಠಡಿಯ ಒತ್ತಡ ಹೊರಗಿಗಿಂತ ಸ್ವಲ್ಪ ಕಡಿಮೆಯಾಗಿ, ಬಾಗಿಲ ಸಂದಿಗಳಿಂದ ಗಾಳಿ ಒಳಗೆ ಬರುತ್ತದೆಯೇ ಹೊರತು ಹೊರಗೆ ಸೋರುವುದಿಲ್ಲ. ಫ್ಯಾನು ಓಡುವಾಗ ಬಾಗಿಲ ಸಂದಿಯ ಬಳಿ ಊದುಬತ್ತಿ ಹಿಡಿಯಿರಿ. ಹೊಗೆ ಒಳಕ್ಕೆ ಸೆಳೆದರೆ ಸರಿ. ಹೊರಗಾಳಿಯ ಕೊಳವೆಯನ್ನು ಪಕ್ಕದವರ ಕಿಟಕಿಯ ಮಟ್ಟದಲ್ಲಿ ಬಿಡದೆ ನಿಮ್ಮ ಛಾವಣಿಗಿಂತ ಮೇಲಕ್ಕೆ ಒಯ್ಯಿರಿ. ಬೀಜ ಹರಡುವ ಕೊಠಡಿಗೆ ಮಾತ್ರ ಇದಕ್ಕೆ ತದ್ವಿರುದ್ಧ: ಶೋಧಿಸಿದ ಗಾಳಿಯನ್ನು ಒಳಗೆ ತಳ್ಳಬೇಕು, ಇಲ್ಲದಿದ್ದರೆ ಸಂದಿಗಳಿಂದ ಹಸಿರು ಬೂಷ್ಟಿನ ಕಣಗಳು ನುಗ್ಗುತ್ತವೆ.

ಇನ್ನು ವಾಸನೆ. ಅದರ ತವರು ಬಹುಪಾಲು ಹುಲ್ಲು ನೆನೆಸುವ ತೊಟ್ಟಿಯೇ. ಭತ್ತದ ಹುಲ್ಲನ್ನು ಒಂದು ರಾತ್ರಿ ನೆನೆಸಿದರೆ ಸಾಕು. ಕೆಲಸ ಮುಂದಕ್ಕೆ ಹೋಯಿತೆಂದು ಎರಡು ಮೂರು ದಿನ ನೀರಿನಲ್ಲೇ ಬಿಟ್ಟರೆ ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಹೆಚ್ಚಿ, ಕೊಳೆತ ಮೊಟ್ಟೆಯ ವಾಸನೆ ಏಳುತ್ತದೆ. ಬಸಿದ ಕಂದು ನೀರನ್ನು ರಸ್ತೆಯ ಚರಂಡಿಗೆ ಬಿಟ್ಟರಂತೂ ಇಡೀ ಬೀದಿಗೆ ತಿಳಿಯುತ್ತದೆ. ನಾನು ಹೇಳಿದ ಸಂಘದವರ ಹಿತ್ತಲಿನಲ್ಲಿ ನಡೆದದ್ದು ಇದೇ. ಹುಲ್ಲನ್ನು 80 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ಇರಿಸಿ, ಇಳಿಜಾರು ಕಟ್ಟೆಯ ಮೇಲೆ ಬಸಿದು, ತಣಿದ ನೀರನ್ನು ತೆಂಗಿನ ಪಾತಿಗೆ ಹರಿಸಿರಿ. ಹದ ನೋಡುವ ಬಗೆ ನಿಮಗೆ ಗೊತ್ತೇ ಇದೆ: ಮುಷ್ಟಿಯಲ್ಲಿ ಹಿಂಡಿದರೆ ಅಂಗೈ ಒದ್ದೆಯಾಗಬೇಕು, ಹನಿ ಬೀಳಬಾರದು. ಹನಿ ಬೀಳುವಂತೆ ತುಂಬಿದ ಚೀಲದ ತಳದಲ್ಲಿ ನೀರು ನಿಂತು, ಎರಡನೆಯ ವಾರದಲ್ಲಿ ಹುಳಿ ವಾಸನೆ ಆರಂಭವಾಗಿ, ಹಿಂದೆಯೇ ನೊಣಗಳು ಬರುತ್ತವೆ.

ಫಾರ್ಮಾಲಿನ್ ಬಳಸಿ ಹುಲ್ಲು ಶುದ್ಧಿ ಮಾಡುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಉರುವಲು ಉಳಿಯುತ್ತದೆಂಬುದು ನಿಜ. ಆದರೆ ಕಣ್ಣು ಗಂಟಲು ಉರಿಸುವ ಆ ಹೊಗೆಯನ್ನು ಮನೆಗಳ ನಡುವೆ ಬಿಡುವುದು ಒಪ್ಪುವ ಮಾತಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಫಾರ್ಮಾಲ್ಡಿಹೈಡನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿದೆ. ಊರೊಳಗಿನ ಘಟಕಗಳಿಗೆ ಬಿಸಿನೀರು ಅಥವಾ ಹಬೆಯನ್ನೇ ನಾನು ಶಿಫಾರಸು ಮಾಡುತ್ತೇನೆ.

ವಾಸನೆಯಲ್ಲದಿದ್ದರೂ ನೆರೆಯವರನ್ನು ಕಾಡುವ ಇನ್ನೊಂದು ಸಂಗತಿ ಬೀಜಾಣು. ಚಿಪ್ಪಣಬೆಯ ಅಂಚು ಮೇಲಕ್ಕೆ ಮಡಚಿಕೊಂಡಿತೆಂದರೆ ಅಸಂಖ್ಯ ಬೀಜಾಣುಗಳು ಗಾಳಿಗೆ ಸೇರುತ್ತವೆ. ಆಸ್ತಮಾ ಇರುವವರಿಗೆ ಇದು ತೊಂದರೆ. ದಿನವೂ ಒಳಗೆ ಕೆಲಸ ಮಾಡುವವರಿಗೆ ಜ್ವರ, ಕೆಮ್ಮು, ಉಸಿರಾಟದ ತೊಂದರೆ ತರುವ ಶ್ವಾಸಕೋಶದ ಅಲರ್ಜಿಯೂ ಬರಬಹುದು. ಅಂಚು ಕೆಳಮುಖವಾಗಿರುವಾಗಲೇ ಕೊಯ್ಯಿರಿ, ಎನ್95 ಮುಖಗವಸು ಧರಿಸಿರಿ. ಬಲಿತ ಅಣಬೆ ಹೆಚ್ಚು ತೂಗುತ್ತದೆಂಬ ಆಸೆ ಬೇಡ.

ಇತ್ತೀಚೆಗೆ ವಾಸನೆ ನಿವಾರಣೆಗೆಂದು ಇದ್ದಿಲಿನ ಫಿಲ್ಟರುಗಳು ಆನ್‌ಲೈನ್ ಅಂಗಡಿಗಳಲ್ಲಿ ಮಾರಾಟವಾಗುತ್ತಿವೆ. ಒಣಗಾಳಿಯ ಕೊಠಡಿಗಳಲ್ಲಿ ಅವು ಕೆಲಸ ಮಾಡುವುದು ನಿಜ. ಅಣಬೆ ಮನೆಯಲ್ಲಿ ಮಾತ್ರ ಆರ್ದ್ರತೆ ಶೇ. 90ರ ಹತ್ತಿರವಿರುವುದರಿಂದ ಇದ್ದಿಲಿನ ರಂಧ್ರಗಳನ್ನು ನೀರಾವಿಯೇ ತುಂಬಿಕೊಂಡು, ವಾಸನೆಯ ಕಣಗಳಿಗೆ ಜಾಗ ಉಳಿಯುವುದಿಲ್ಲ. ಅಮೋನಿಯಾವನ್ನಂತೂ ಸಾದಾ ಇದ್ದಿಲು ಹೆಚ್ಚಾಗಿ ಹಿಡಿಯುವುದೇ ಇಲ್ಲ. ಓಜೋನ್ ಯಂತ್ರಗಳು ಕೆಲಸಗಾರರ ಶ್ವಾಸಕೋಶಕ್ಕೆ ಹಾನಿಕರ, ಬೇಡವೇ ಬೇಡ. ಫಿನಾಯಿಲ್ ಚಿಮುಕಿಸಿದರೆ ಅದರ ವಾಸನೆ ಅಣಬೆಗೂ ತಗಲುತ್ತದೆ.

ಮೂಲವನ್ನು ಸರಿಪಡಿಸಿದ ಮೇಲೂ ವಾಸನೆ ಉಳಿದರೆ ಜೈವಿಕ ಶೋಧಕವನ್ನು ಕಟ್ಟಿಕೊಳ್ಳಬಹುದು. ಹೊರಹೋಗುವ ಗಾಳಿಯನ್ನು ಮರದ ಚಕ್ಕೆ, ತೆಂಗಿನ ಸಿಪ್ಪೆಯ ತುಂಡು ಮತ್ತು ಮಾಗಿದ ಕಾಂಪೋಸ್ಟ್ ತುಂಬಿದ ಹಾಸಿನ ಕೆಳಗಿನಿಂದ ಹಾಯಿಸಿದರೆ, ಹಾಸಿನಲ್ಲಿರುವ ಸೂಕ್ಷ್ಮಜೀವಿಗಳು ವಾಸನೆಯ ವಸ್ತುಗಳನ್ನು ತಿಂದು ಮುಗಿಸುತ್ತವೆ. ಗಾಳಿ ಹಾಸಿನೊಳಗೆ ಸುಮಾರು 45 ಸೆಕೆಂಡು ಇರಬೇಕೆಂದು ಹಿಡಿದರೆ, ಮೇಲೆ ಹೇಳಿದ ಗಂಟೆಗೆ 324 ಘನ ಮೀಟರ್ ಗಾಳಿಗೆ 4 ಘನ ಮೀಟರ್ ಹಾಸು ಸಾಕು: 2 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಎತ್ತರ. ಹಾಸು ಒಣಗಬಾರದು, ನೀರೂ ನಿಲ್ಲಬಾರದು. ನುಣುಪಾದ ತೆಂಗಿನ ನಾರಿನ ಪುಡಿಯನ್ನು ಮಾತ್ರವೇ ತುಂಬಿದರೆ ಗಾಳಿ ಹಾಯುವುದಿಲ್ಲ. ಗೋಡೆಯ ರೆಕ್ಕೆ ಫ್ಯಾನಿಗೆ ಇದರೊಳಗೆ ಗಾಳಿ ತಳ್ಳುವ ಬಲವಿಲ್ಲ, ಬ್ಲೋವರ್ ಬೇಕು. ಹಿತ್ತಲಿರುವವರಿಗೆ ಇದು ಸಾಧ್ಯ. ಮಹಡಿ ಕೊಠಡಿಯವರಿಗೆ ಕಷ್ಟವೇ.

ಬಿಳಿ ಗುಂಡಿ ಅಣಬೆಯ ವಿಷಯ ಬೇರೆ. ಅದರ ಕಾಂಪೋಸ್ಟಿಗೆ ಕೋಳಿಗೊಬ್ಬರ ಸೇರಿಸಿ ವಾರಗಟ್ಟಲೆ ಮಗುಚುವಾಗ ಏಳುವ ಅಮೋನಿಯಾವನ್ನು ಜನವಸತಿಯಲ್ಲಿ ಅಡಗಿಸುವ ಮಾತೇ ಇಲ್ಲ. ಪಾಶ್ಚರೀಕರಿಸಿದ ಸಿದ್ಧ ಕಾಂಪೋಸ್ಟನ್ನು ಕೊಂಡು ತನ್ನಿರಿ, ಇಲ್ಲವೇ ಊರಾಚೆ ಜಾಗ ನೋಡಿರಿ.

ಪ್ರದೇಶಕ್ಕೆ ತಕ್ಕಂತೆ ಗಾಳಿಯ ಕ್ರಮವೂ ಬದಲಾಗಬೇಕು. ರಾಯಚೂರು, ಬಳ್ಳಾರಿಯ ಬೇಸಿಗೆಯಲ್ಲಿ ಹೊರಗಾಳಿ ಒಣಗಿ ಸುಡುತ್ತಿರುವುದರಿಂದ ಒದ್ದೆ ಗೋಣಿಯ ಪರದೆ ದಾಟಿಸಿ, ರಾತ್ರಿ ಮತ್ತು ನಸುಕಿನಲ್ಲಿ ಹೆಚ್ಚು ಗಾಳಿ ಕೊಡಿರಿ. ಕರಾವಳಿಯ ಮಳೆಗಾಲದಲ್ಲಿ ಹೊರಗೇ ತೇವ ತುಂಬಿರುವುದರಿಂದ ಒದ್ದೆ ಪರದೆಯಿಂದ ಪ್ರಯೋಜನವಿಲ್ಲ. ಆಗ ನೀರು ಸಿಂಪಡಿಸುವುದನ್ನು ತಗ್ಗಿಸಿ ಫ್ಯಾನು ಮಾತ್ರ ಓಡಿಸಿರಿ. ತಲೆಯ ಮೇಲೆ ನೀರಿನ ಪೊರೆ ಆರದೆ ನಿಂತರೆ ಬ್ಯಾಕ್ಟೀರಿಯಾದ ಕಂದು ಮಚ್ಚೆ ಬಂದು, ಅಣಬೆ ಲೋಳೆಯಾಗಿ ಅದೂ ನಾರುತ್ತದೆ.

ವಿಸ್ತರಣಾ ಕಾರ್ಯಕರ್ತರಲ್ಲಿ ಒಂದು ಕೋರಿಕೆ. ದೂರು ಬಂದ ಘಟಕಕ್ಕೆ ಬೆಳಿಗ್ಗೆ ಹನ್ನೊಂದಕ್ಕೆ ಹೋದರೆ ಏನೂ ತಿಳಿಯುವುದಿಲ್ಲ. ನಸುಕಿನಲ್ಲಿ, ಗಾಳಿ ಬೀಸದೆ ವಾಸನೆ ನೆಲಮಟ್ಟದಲ್ಲಿ ನಿಂತಿರುವಾಗ ಹೋಗಿರಿ. ಮೊದಲು ದೂರು ಕೊಟ್ಟವರ ಅಂಗಳದಲ್ಲಿ ನಿಂತು ನೋಡಿ, ಆಮೇಲೆ ತೊಟ್ಟಿ, ಚರಂಡಿ, ಫಸಲು ಮುಗಿದ ಚೀಲಗಳ ರಾಶಿ, ಕೊನೆಯಲ್ಲಿ ಕೊಠಡಿ, ಈ ಕ್ರಮದಲ್ಲಿ ಬನ್ನಿರಿ. ಎರಡು ಮೂರು ಕೊಯ್ಲು ಮುಗಿದ ಚೀಲಗಳನ್ನು ಮೂಲೆಯಲ್ಲಿ ಪೇರಿಸಿಟ್ಟಿದ್ದರೆ ಅಂದೇ ಪ್ಲಾಸ್ಟಿಕ್ ಬಿಚ್ಚಿಸಿ, ಹುಲ್ಲನ್ನು ಎರೆಹುಳು ತೊಟ್ಟಿಗೆ ಹಾಕಿಸಿರಿ. ಆ ಮಹಿಳಾ ಸಂಘದವರು ಹುಲ್ಲಿನ ತೊಟ್ಟಿಯನ್ನು ಸದಸ್ಯೆಯೊಬ್ಬರ ತೋಟಕ್ಕೆ ಸಾಗಿಸಿ, ಬಸಿದ ಹುಲ್ಲನ್ನು ಮಾತ್ರ ಊರಿಗೆ ತರುತ್ತಿದ್ದಾರೆ. ಕಿಟಕಿಯ ಪ್ಲಾಸ್ಟಿಕ್ಕನ್ನೂ ಕಿತ್ತಿದ್ದಾರೆ. ಪುರಸಭೆಯ ಅರ್ಜಿ ಇನ್ನೂ ವಿಚಾರಣೆಯಲ್ಲಿದೆ.